ಒಲೆಯ ಮೇಲಿನ ತೆನೆಗೊಂಚಲಿನ ವಿಷಯವಾಗಿ ಇಲಿರಾಯರಿಗೆ

ಮಾನ್ಯ ಇಲಿರಾಯರೇ,

ಉಲುಗುರು ಬೆಟ್ಟದ ಇಳಿಜಾರಿನಲ್ಲಿರುವ ನಮ್ಮ ಹೊಲ, ಅಡುಗೆಮನೆ ಮತ್ತು ನನ್ನ ಬಲಗಾಲಿನ ಚಪ್ಪಲಿ, ಈ ಮೂರನ್ನೂ ಸಮಾನ ಪ್ರೀತಿಯಿಂದ ನೋಡಿಕೊಳ್ಳುತ್ತಿರುವ ತಮಗೂ, ದಿನೇ ದಿನೇ ಬೆಳೆಯುತ್ತಿರುವ ತಮ್ಮ ಸಂಸಾರಕ್ಕೂ ನಮಸ್ಕಾರಗಳು. ತಾವು ಕ್ಷೇಮವೆಂಬುದನ್ನು ತಮ್ಮ ಹೊಟ್ಟೆ ನೋಡಿಯೇ ತಿಳಿದುಕೊಂಡೆ.

ಮೊದಲು ಅಭಿನಂದನೆ. ಮಳೆ ಬಿದ್ದೊಡನೆ ನಾವು ಕೃಷಿ ಅಧಿಕಾರಿಗಳ ಮಾತಿಗೆ ಬೆಲೆಕೊಟ್ಟು, ಹಗ್ಗ ಹಿಡಿದು ನೇರ ಸಾಲಿನಲ್ಲಿ ಮೆಕ್ಕೆಜೋಳ ಊರಿದೆವು. ನಮ್ಮ ಅಜ್ಜಂದಿರು ಕೈ ಹೋದಲ್ಲಿ ಊರುತ್ತಿದ್ದ ಕಾಲದಲ್ಲಿ ತಮ್ಮ ಅಜ್ಜಂದಿರು ಒಂದೊಂದು ಕಾಳಿಗೂ ಹೊಲವೆಲ್ಲ ಅಲೆಯಬೇಕಿತ್ತು. ನಾವು ತಮಗೆ ಹೆದ್ದಾರಿಯನ್ನೇ ಹಾಕಿಕೊಟ್ಟೆವು. ತಾವು ಈ ತುದಿಯಿಂದ ಹೊರಟು ಒಂದು ಕಾಳೂ ಬಿಡದೆ ಆ ತುದಿಯವರೆಗೆ ಅಗೆದು ತಿಂದಿರಿ. ಅಧಿಕಾರಿಗಳು ಬಂದು ಬರಿದಾದ ಹೊಲವನ್ನು ನೋಡಿ, "ಸಾಲು ಮಾತ್ರ ತುಂಬಾ ಚೆನ್ನಾಗಿ ಬಂದಿದೆ ಮೇಷ್ಟ್ರೇ" ಎಂದು ಹೇಳಿ ಹೋದರು.

ಪಕ್ಕದ ಕುಲದ ಮ್ಲೋಕಾ ನಮಗೆ ಗೇಲಿ ನೆಂಟ. ಅಂಥ ನೆಂಟ ಮನೆಗೆ ನುಗ್ಗಿ ಕೋಳಿ ಹಿಡಿದೊಯ್ದರೂ, ಎದುರಿಗೇ ನಿಂತು ಬೈದರೂ ಸಿಟ್ಟಾಗಬಾರದೆಂಬುದು ಹಿರಿಯರ ಕಟ್ಟಳೆ. ಅವನು ಬೇಲಿಯಾಚೆಯಿಂದಲೇ ಕೂಗಿದ: "ಏನಯ್ಯಾ ಮೇಷ್ಟ್ರೇ, ಇಲಿಗೆ ಪಾಠ ಹೇಳ್ಕೊಟ್ಟಿದ್ದು ನೀನೇನಾ? ನಿನ್ನ ಶಾಲೆ ಹುಡುಗ್ರಿಗಿಂತ ಅದೇ ವಾಸಿ ಬಿಡು!" ನನ್ನ ಹೆಂಡತಿ ರೆಸ್ಟಿಟುಟಾ ಬಿಟ್ಟಾಳೆಯೇ? "ಹಲ್ಲು ನೋಡಿದ್ರೆ ಅದು ನಿಮ್ಮನೇದೇ ಅನ್ಸತ್ತೆ. ಕರ್ಕೊಂಡ್ಹೋಗು ನಿನ್ನ ತಮ್ಮನ್ನ!" ಎಂದಳು. ಆಗಲೇ ನನಗೆ ಹೊಳೆದದ್ದು: ಹೇಳದೆ ಕೇಳದೆ ಒಯ್ಯುವ, ಬೈದರೂ ಹಲ್ಲು ಕಿರಿಯುವ ತಾವೂ ನಮ್ಮ ಗೇಲಿ ನೆಂಟರೇ ಇರಬೇಕು.

ಆದರೆ ನೆಂಟರೇ, ಈಗ ನಮಗೆ ಉಳಿದಿರುವ ಬೀಜ ಒಲೆಯ ಮೇಲೆ ಹೊಗೆಗೆ ತೂಗುಹಾಕಿದ ಒಂದೇ ತೆನೆಗೊಂಚಲು. ರೆಸ್ಟಿಟುಟಾಳ ತಾಯಿ ಸಾಯುವ ಮುನ್ನ ಮಗಳ ಕೈಗಿತ್ತ ತಳಿ ಅದು, ಯಾವ ಅಂಗಡಿಯಲ್ಲೂ ಸಿಗದು. ನಿನ್ನೆ ಆ ಗೊಂಚಲಿನ ಹಗ್ಗದ ಮೇಲೆ ತಮ್ಮ ಹಲ್ಲಿನ ಗುರುತು ಕಂಡು ಅವಳು ಬೈಯಲಿಲ್ಲ, ಗೊಂಚಲನ್ನು ಇಳಿಸಿ ಕಾಳುಗಳನ್ನು ಒಂದೊಂದಾಗಿ ಸವರಿ ನೋಡಿ ಮತ್ತೆ ಕಟ್ಟಿದಳು. ಅವಳು ಬೈಯುವುದನ್ನೇ ಮರೆತದ್ದನ್ನು ನಾನು ಹಿಂದೆ ನೋಡಿದ್ದು ಅವಳ ತಾಯಿ ತೀರಿದ ದಿನ ಮಾತ್ರ.

ಆದ್ದರಿಂದ ತಾವು ದಯಮಾಡಿ ಒಂದು ಮಳೆಗಾಲ ಉಪವಾಸವಿದ್ದು, ಬೀಜ ಊರುವಾಗ ನಮ್ಮ ಮುಂದೆ ನಡೆಯುತ್ತಾ ಗುಳಿ ತೋಡಿಕೊಟ್ಟು, ಪೈರಿಗೆ ಎರಗುವ ಹಕ್ಕಿಗಳನ್ನು ಓಡಿಸಿ, ತೆನೆ ಬಲಿತ ಮೇಲೆ ಮುಂಬಾಗಿಲಿನಿಂದ ಬಂದು ತಮ್ಮ ಪಾಲು ಕೇಳಬೇಕಾಗಿ ವಿನಂತಿ. ಇದು ಕಷ್ಟವಾದರೆ ನೆಂಟಸ್ತಿಕೆಯ ಇನ್ನೊಂದು ಕಟ್ಟಳೆಯನ್ನೂ ನೆನಪಿಸಬೇಕಾಗುತ್ತದೆ: ಗೇಲಿ ನೆಂಟ ತೀರಿಕೊಂಡರೆ ಅವನ ಗುಂಡಿ ತೋಡುವ ಹಕ್ಕು ನಮ್ಮದು.

ತಮ್ಮ ವಿಶ್ವಾಸಿ, ತಮ್ಮ ಪಾಲಿನ ಅನ್ನದಾತ,
ಪಿಯುಸ್ ಕೊಬೆರೊ, ನಿವೃತ್ತ ಮೇಷ್ಟ್ರು

ತಾ.ಕ.: ಗುಂಡಿ ಸಿದ್ಧವಾಗಿದೆ. ಒಲೆಯ ಪಕ್ಕದಲ್ಲಿ ಮ್ಲೋಕಾ ಬಕೆಟ್ಟೊಂದನ್ನು ನೆಲದ ಮಟ್ಟಕ್ಕೆ ಹೂತು, ಅರ್ಧ ನೀರು ತುಂಬಿ, ಅದರ ಬಾಯಿಗೆ ಅಡ್ಡ ಕಟ್ಟಿದ ತಂತಿಗೆ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡನ್ನು ಗರಗರ ತಿರುಗುವಂತೆ ಪೋಣಿಸಿಟ್ಟು, ಅದಕ್ಕೆ ಹುರಿದ ಕಡಲೆಕಾಯಿ ಅರೆದು ಮೆತ್ತಿದ್ದಾನೆ. ಆಳ ಸಾಕೇ ಎಂದು ಕೇಳಿದ್ದಕ್ಕೆ, "ನನ್ನೇನು ಕೇಳ್ತೀಯಾ? ಮಲಗೋರೇ ಇಳಿದು ನೋಡಿ ಹೇಳ್ಲಿ" ಎಂದ. ತಮ್ಮ ಅಭಿಪ್ರಾಯಕ್ಕಾಗಿ ಕಾಯುತ್ತಿದ್ದೇವೆ.