ಬಿಚ್ಚಲು ಬಾರದ ಪದಾರ್ಥ

ಈ ಮೊಬೈಲ್ ಕಂಪನಿಗಳ ಮನೆ ಹಾಳಾಗ! (ಮಾತು ನನ್ನದಲ್ಲ, ನ್ಯಾಮತಿಯ ಲೇಡೀಸ್ ಟೈಲರ್ ಸುಬಾನಸಾಬನದು. ನನ್ನದೂ ಹೌದೆಂದು ಬೇಕಾದರೆ ಬರೆದುಕೊಳ್ಳಿ.) ಎರಡು ವರ್ಷ ಮುದ್ದು ಮಾಡಿ ಸಾಕಿದ ಅವನ ಫೋನು ಒಂದು ಬೆಳಿಗ್ಗೆ ಬ್ಯಾಟರಿ ಊದಿಕೊಂಡು ಪೂರಿಯ ಹಾಗೆ ಉಬ್ಬಿ ಕೂತಿತ್ತು. ಹೊನ್ನಾಳಿಯ ಮೊಬೈಲ್ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿದ್ದವನು ಅದನ್ನು ಮುಟ್ಟಲೂ ಇಲ್ಲ.

"ಬಿಚ್ಚಾಕೆ ಬರಲ್ಲ ಸಾಬ್ರೆ. ಗಮ್ ಹಾಕಿ ಮುಚ್ಚಿರ್ತಾರೆ. ಈ ಮಾಡೆಲ್ ನಿಂತೋಗೈತೆ. ಹೊಸದು ತಗಂಬಿಡ್ರಿ."

ಹೊಸದರ ಡಬ್ಬ ತೆಗೆಸಿ ನೋಡಿದರೆ ಒಳಗೆ ಚಾರ್ಜರೇ ಇಲ್ಲ. ಯಾಕಪ್ಪಾ ಅಂದರೆ, ಪರಿಸರ ಉಳಿಸಾಕಂತೆ! ಸುಬಾನಸಾಬ ಬಸ್ಸಿನ ತುಂಬ ಗೊಣಗುತ್ತಾ ಊರಿಗೆ ಬಂದ.

ಅವತ್ತಿನಿಂದ ಅವನ ಅಂಗಡಿಯಲ್ಲಿ ಮಿಷನ್ನಿನ ಸದ್ದಿಗಿಂತ ಅವನ ಸದ್ದೇ ಜೋರು. ಪೇಪರಿನಲ್ಲಿ ಹೊಸ ಫೋನಿನ ಸುದ್ದಿ ಬಂದರೆ ಸಾಕು, ಕತ್ತರಿ ಕೆಳಗಿಟ್ಟು ಶುರು ಮಾಡುತ್ತಿದ್ದ.

"ಈ ವರ್ಷದ್ದು ಹೋದ ವರ್ಷದ್ದಕ್ಕಿಂತ ತೆಳ್ಳಗೈತಂತೆ! ತೆಳ್ಳಗಿದ್ರೆ ಏನು, ಅದಕ್ಕೇನು ಗಂಡು ನೋಡ್ಬೇಕಾ? ಹಿಂದ್ಗಡೆ ನಾಕು ಕ್ಯಾಮೆರಾನಂತೆ! ನಂಗಿರೋದು ಒಂದೇ ಮೂತಿ! ಇನ್ನೊಂದು ಫೋನು ಮಡಚ್ತೈತಂತೆ! ನಾನು ಮೂವತ್ತು ವರ್ಷದಿಂದ ಬಟ್ಟೆ ಮಡಚ್ತಾ ಇದೀನಿ, ಯಾವ ಪೇಪರ್ನಾಗಾದ್ರೂ ಬಂತಾ?"

ಈ ಕೋಪ ಕಾದು ಕೆಂಪಗಾಗಿದ್ದ ಹೊತ್ತಿಗೇ ಹೆಂಡತಿ ಸೈದಾಬೀ ಹಸಿರು ಬ್ಲೌಸು ಹಿಡಿದು ಬಂದಳು. ಭಾನುವಾರ ಜಗಳೂರಿನಲ್ಲಿ ಅವಳ ತಂಗಿಯ ಮಗಳು ನುಜಹತ್‌ಳ ನಿಕಾ. ಹಸಿರು ಸೀರೆ ಹೋದ ರಂಜಾನಿಗೆ ತಂಗಿಯೇ ಕಳಿಸಿದ್ದು, ಅದನ್ನೇ ಉಡಬೇಕು.

"ರೀ, ಇದು ಹಿಡೀತಾ ಇಲ್ಲ. ಒಂಚೂರು ಬಿಚ್ಚಿ ದೊಡ್ಡದು ಮಾಡಿಕೊಡ್ರಿ."

"ಹೋದ ರಂಜಾನಿಗೆ ಅಳತೆ ತಗಂಡೇ ಹೊಲಿದಿದ್ನಲ್ಲ?"

"ಹೋದ ರಂಜಾನಿಂದ ಈಚೆಗೆ ನಾನು ಒಂಚೂರು ಅಪ್‌ಡೇಟ್ ಆಗೀನಿ. ಬಿಚ್ರಿ."

"ಬಿಚ್ಚಾಕೆ ಬರಲ್ಲ ಸೈದಾ. ಒಳಗೆ ಬಟ್ಟೇನೇ ಇಲ್ಲ. ಹೊಸದು ಹೊಲಿಸ್ಕ."

ಸೈದಾಬೀ ಸೊಂಟದ ಮೇಲೆ ಕೈಯಿಟ್ಟಳು. "ಇನ್ನೊಂದ್ಸಲ ಹೇಳ್ರಿ."

ಅವನು ಇನ್ನೊಂದು ಸಲ ಹೇಳಿದ. (ಓದುಗರೇ, ಇಲ್ಲೊಂದು ಗುಟ್ಟಿದೆ. ಒಳ್ಳೆಯ ಟೈಲರ್ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಾನೆ, ಮೈ ತುಂಬಿಕೊಂಡಾಗ ಬಿಚ್ಚಿ ಸಡಿಲ ಮಾಡಲು. ಸುಬಾನಸಾಬ ಆ ಪದ್ಧತಿ ಬಿಟ್ಟು ಏಳು ವರ್ಷವಾಗಿತ್ತು. ಹುಕ್ಕನ್ನೂ ನೀವೇ ತಂದು ಹಚ್ಚಿಕೊಳ್ಳಿ ಎನ್ನುತ್ತಿದ್ದ. ರೂಢಿ ಎಷ್ಟು ಗಟ್ಟಿಯೆಂದರೆ ಹೆಂಡತಿಯ ಬ್ಲೌಸಿಗೂ ಅದೇ ಕತೆ.)

"ಈಗ ನಂಗೆ ಪುರುಸೊತ್ತಿಲ್ಲ," ಎಂದು ಅವನು ಹಾಳೆ ಮುಂದಕ್ಕೆಳೆದುಕೊಂಡ. "ಕಂಪನಿ ಮೇಲೆ ದಾವಣಗೆರೆ ಗ್ರಾಹಕರ ಕೋರ್ಟಿಗೆ ದೂರು ಬರೀತಾ ಇದೀನಿ. ನ್ಯಾಯ ಅನ್ನೋದು ಒಂದೈತೆ!"

ದೂರೆಂದರೆ ಅಂತಿಂಥ ದೂರಲ್ಲ. ಮೊಬೈಲು, ಚಾರ್ಜರ್ ಎಂಬ ಬೀದಿಮಾತುಗಳು ಘನ ನ್ಯಾಯಾಲಯಕ್ಕೆ ಒಪ್ಪುವುದಿಲ್ಲವೆಂದು ಉದ್ದಕ್ಕೂ 'ಪದಾರ್ಥ', 'ಅತ್ಯಗತ್ಯ ಉಪಾಂಗ' ಎಂದೇ ಬರೆದಿದ್ದ. ಕಂಪನಿಯ ಹೆಸರು ಮಾತ್ರ ಇಂಗ್ಲಿಷಿನದು. ಕಾಗುಣಿತ ತಪ್ಪೀತೆಂದು ಅದಕ್ಕೆ ಜಾಗ ಖಾಲಿ ಬಿಟ್ಟ.

ಸೈದಾಬೀ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖವೇ ಬೇರೆಯಾಯಿತು.

"ಎಷ್ಟು ಚೆಂದ ಬರ್ದೀರಿ! ನೇತ್ರಾವತಿ ಟೀಚರ್ ಕೈಯಾಗೆ ಶುದ್ಧ ಬರೆಸ್ಕಂಡು, ನಾಕು ಜನದ ಸಹಿ ಹಾಕಿಸ್ಕಂಡು ಬರ್ತೀನಿ. ಹೆಸರೂ ಅವರೇ ತುಂಬ್ತಾರೆ."

ಸುಬಾನಸಾಬನಿಗೆ ಕಣ್ಣು ತುಂಬಿ ಬಂತು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಹೆಂಡತಿ ಅವನ ಬರವಣಿಗೆ ಹೊಗಳಿದ್ದಳು.

ಶುಕ್ರವಾರ ನಮಾಜು ಮುಗಿಸಿ ಬಂದು ಮಿಷನ್ನಿನ ಮುಂದೆ ತಾನೇ ಹೊಲಿದುಕೊಂಡ ದಪ್ಪ ದಿಂಬಿನ ಮೇಲೆ ಕೂತನೋ ಇಲ್ಲವೋ, ಅಂಗಡಿಯ ಮುಂದೆ ಹೆಂಗಸರ ದಂಡು. ಸೈದಾಬೀ, ನೇತ್ರಾವತಿ ಟೀಚರ್, ಗೋವಿನಕೋವಿಯಿಂದ ಬಂದ ಗಿರಾಕಿ ಮೂಕಮ್ಮ, ಹಿಂದೆ ಇನ್ನೂ ಎಂಟು ಹತ್ತು ಜನ, ಎಲ್ಲರ ಕೈಯಲ್ಲೂ ಚೀಲ. ತನ್ನ ಹೋರಾಟಕ್ಕೆ ಇಷ್ಟು ಜನಬೆಂಬಲವೇ ಎಂದು ಅವನು ಹಿಗ್ಗಿ ಹೀರೇಕಾಯಿಯಾದ. ಹಾಳೆ ಇಸಿದುಕೊಂಡವನೇ ಎಲ್ಲರ ಸಹಿಯ ಮೇಲಕ್ಕೆ ತನ್ನದನ್ನು ಗೀಚಿದ.

"ಓದ್ದಲೇ ಸಹಿ ಹಾಕಿದ್ರಲ್ಲ ಸಾಬ್ರೆ," ಅಂದಳು ಮೂಕಮ್ಮ.

"ನಾನೇ ಬರ್ದಿದ್ದು ಕಣಮ್ಮ! ಕೇಳ್ರಿ," ಎಂದು ಗಂಟಲು ಸರಿಮಾಡಿಕೊಂಡ. "'ತಾನೇ ತಯಾರಿಸಿದ ಪದಾರ್ಥವನ್ನು ಬಿಚ್ಚಲು ಬಾರದಂತೆ ಮುಚ್ಚಿ, ಅತ್ಯಗತ್ಯ ಉಪಾಂಗವನ್ನು ಜೊತೆಗೆ ಕೊಡದೆ, ಸ್ವಲ್ಪ ಕಾಲದಲ್ಲೇ ಅದು ನಿರುಪಯುಕ್ತವಾಗುವಂತೆ ಮಾಡಿ, ಸರಿಪಡಿಸಿರೆಂದು ಹೋದರೆ ಹೊಸದನ್ನೇ ಕೊಳ್ಳಿರೆಂದು ಉದ್ಧಟತನದಿಂದ ಉತ್ತರಿಸುವ...' ಹೆಂಗೈತೆ?"

"ಒಂದಕ್ಷರ ಸುಳ್ಳಿಲ್ಲ," ಎಂದರು ಟೀಚರ್.

"ಇಂಥೋರನ್ನ ಬಿಡಬಾರದು ಮೇಡಂ! ಊರು ಬಿಟ್ಟು ಓಡಿಸ್ಬೇಕು! '...ಉತ್ತರಿಸುವ ಈ ಧನದಾಹಿ ಯಾರೆಂದರೆ, ಸುಬಾನಸಾಬ, ಲೇಡೀಸ್ ಟೈಲರ್, ನ್ಯಾ...'"

ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದ. ತನ್ನ ಸಹಿಯ ಕೆಳಗೆ ಮೊದಲು ಇದ್ದದ್ದು ಹೆಂಡತಿಯ ಸಹಿ.

"ಯಾಕ್ರೀ ನಿಂತ್ರಿ? ಮುಂದೆ ಇನ್ನಾ ಐತೆ," ಅಂದಳು ಸೈದಾಬೀ. "'ಸದರಿ ಪದಾರ್ಥಗಳನ್ನು ಪುಕ್ಕಟೆ ಸರಿಪಡಿಸಿ ಕೊಡತಕ್ಕದ್ದು' ಅಂತ ನೀವೇ ಬರ್ದೀರಿ. ಕೊಟ್ರೆ ಈ ಹಾಳೆ ಒಲೆಗೆ, ಇಲ್ಲಾಂದ್ರೆ ದಾವಣಗೆರೆಗೆ."

ಚೀಲಗಳು ಬಾಯಿಬಿಟ್ಟವು. ಮೇಜಿನ ಮೇಲೆ ಬ್ಲೌಸುಗಳ ಗುಡ್ಡೆ ಬಿತ್ತು, ಎಲ್ಲಕ್ಕಿಂತ ಮೇಲೆ ಹಸಿರು ಬ್ಲೌಸು.

"ಮಾಡ್ಕೊಡಾಕೆ ನಂಗೇನು? ಆದ್ರೆ ಒಳಗೆ ಬಟ್ಟೆ ಇಲ್ವಲ್ಲ!" ಸುಬಾನಸಾಬನ ಮುಖದಲ್ಲಿ ಆಸೆಯ ಬೆಳಕು ಕಂಡಿತು. "ಇದೇ ಬಣ್ಣದ ತುಂಡು ನಾನೆಲ್ಲಿಂದ ತರ್ಲಿ?"

"ದೂರ ಹೋಗೋದೇನು ಬ್ಯಾಡ. ಏಳು ವರ್ಷದಿಂದ ನಮ್ಮ ಬಟ್ಟೆಯಾಗೆ ಉಳಿಸ್ಕಂಡ ತುಂಡೆಲ್ಲ ಅದರೊಳಗೇ ತುಂಬೈತಲ್ರೀ." ಸೈದಾಬೀ ಗಂಡ ಕೂತಿದ್ದ ದಿಂಬಿನ ಕಡೆ ಬೆರಳು ತೋರಿಸಿದಳು. "ಏಳ್ರಿ ಮೇಲೆ."

ಸುಬಾನಸಾಬ ಎದ್ದ. ಟೀಚರ್ ಕತ್ತರಿ ಹಿಡಿದರು, ಮೂಕಮ್ಮ ಬ್ಲೇಡು ಹಿಡಿದಳು, ಇಬ್ಬರೂ ಬೆವರಿದರೂ ದಿಂಬಿನ ಹೊಲಿಗೆ ಅಲ್ಲಾಡಲಿಲ್ಲ. ತನಗೆಂದು ಹೊಲಿದುಕೊಂಡದ್ದಕ್ಕೆ ಅವನು ದಾರದ ಎರಡೆಳೆ ಜೋಡಿಸಿ ಮೂರು ಸುತ್ತು ಹೊಲಿಗೆ ಹಾಕಿದ್ದ. ಕೊನೆಗೆ ಅವನೇ ಕೂತು ಬಿಚ್ಚಬೇಕಾಯಿತು.