ಎಲ್ಲರೂ ಬಿಟ್ಟುಹೋದ ಹತ್ತಿ ರಾಶಿ

ಗುಂಪು ಹೋದ ಕಡೆ ಮನುಷ್ಯನ ಕಾಲು ತಾನಾಗಿ ಹೋಗುವುದನ್ನು ನೋಡಬೇಕಾದರೆ ಆದೋನಿಯ ಹತ್ತಿ ಮಾರ್ಕೆಟ್ಟಿಗೆ ಬರಬೇಕು. ತೊಂದರೆ ಏನೆಂದರೆ, ನೋಡಲು ಬಂದವನ ಕಾಲೂ ಅದೇ ಕಡೆ ಹೋಗಿಬಿಡುತ್ತದೆ. ನಾನು ಅಲ್ಲಿ ದಲ್ಲಾಳಿ ಅಂಗಡಿ ಇಟ್ಟವನು. ರೈತರು ಹತ್ತಿ ತಂದು ನನ್ನ ಅಂಗಡಿ ಮುಂದೆ ಸುರಿಯುತ್ತಾರೆ, ಖರೀದಿದಾರರು ಬಂದು ಕೊಳ್ಳುತ್ತಾರೆ. ನನ್ನ ಸೊಸೆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಾಳೆ. ಇಂಥ ಪ್ರಸಂಗವೊಂದನ್ನು ಮನೆಗೆ ಒಯ್ದರೆ ಆಕೆ ಅದಕ್ಕೊಂದು ಕಾರಣ ಕೊಡುತ್ತಾಳೆ. ಈ ಹಂಗಾಮಿನಲ್ಲಿ ಆ ಕಾರಣಗಳು ಕೆಲಸಕ್ಕೆ ಬರದಿದ್ದರೆ, ಆಕೆಯ ತಂದೆಯೂ ನಾನೂ ಇವತ್ತು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಮುಚ್ಚಿದ ಕಿಟಕಿ

ಕೋಸಗಿ ಸ್ಟೇಶನ್ನಿನಲ್ಲಿ ಒಂದು ಮಧ್ಯಾಹ್ನ ಬಿಸಿಲು ತಾಳದೆ ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಟಿಕೆಟ್ ಕೊಡುವ ಕಿಟಕಿಯ ಮುಂದೆ ಅಂಗೈ ಅಗಲ ನೆರಳಿತ್ತು. ಕಿಟಕಿ ಮುಚ್ಚಿತ್ತು, ನನಗೆ ಬೇಕಾದದ್ದು ನೆರಳು. ಸ್ವಲ್ಪ ಹೊತ್ತಿಗೆ ನನ್ನ ಹಿಂದೆ ಒಬ್ಬ ಬಂದು ನಿಂತ, ಅವನ ಹಿಂದೆ ಇನ್ನೊಬ್ಬ. ತಿರುಗಿ ನೋಡಿದರೆ ಸಾಲು ಬೇವಿನ ಗಿಡದ ತನಕ ಹೋಗಿತ್ತು. ಕೆಲವರು ಸಾಲು ಮುರಿದವರ ಮೇಲೆ ಜಗಳಕ್ಕೂ ಇಳಿದಿದ್ದರು. ನನಗೆ ನಾಚಿಕೆಯಾಗಿ ಮೆಲ್ಲಗೆ ಜಾರಿಕೊಂಡೆ. ಹಿಂದಿದ್ದವನು ನನ್ನ ಮೊಣಕೈ ಹಿಡಿದು ಬಲು ಮರ್ಯಾದೆಯಿಂದ ಹೇಳಿದ:

"ಹೋಗಿ ಬರ್ರಿ ಹಿರಿಯಾರ, ನಿಮ್ಮ ಜಾಗ ನಾ ಹಿಡಿದಿರ್ತೀನಿ."

ಮನೆಯಲ್ಲಿ ಸೊಸೆ ನಕ್ಕು ನಕ್ಕು ಸಾಕಾಗಿ, ತನಗೆ ಗೊತ್ತಿಲ್ಲದಾಗ ಮನುಷ್ಯ ಮುಂದಿನವನಿಗೆ ಗೊತ್ತಿರುತ್ತದೆಂದು ನಂಬುತ್ತಾನೆ, ಇದು ಮೊದಲನೇ ಕಾರಣ ಅಂದಳು.

ವರ್ತಕರ ಸಂಘದ ತಂಪು

ಎರಡನೇ ಕಾರಣ ನಮ್ಮ ಸಂಘದ ಸಭಾಗೃಹದಲ್ಲಿ ಸಿಕ್ಕಿತು. ಹೊಸದಾಗಿ ಏಸಿ ಹಾಕಿಸಿದ್ದರು. ಮೊದಲ ಸಭೆಗೆ ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದರು. ತುಸು ಹೊತ್ತಿನಲ್ಲೇ ಒಬ್ಬರು ಶಲ್ಯವನ್ನು ಕಿವಿಗೆ ಸುತ್ತಿಕೊಂಡರು. ಇನ್ನೊಬ್ಬರು ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡರು. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಆದರೂ ಅಧ್ಯಕ್ಷರು "ಹೆಂಗೈತ್ರಿ?" ಎಂದು ಕೇಳಿದಾಗ ಎಲ್ಲರ ಜೊತೆ ನಾನೂ ತಲೆಯಾಡಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಸಭೆ ಒಂದೇ ಉಸಿರಿಗೆ "ಅಬ್ಬಾ" ಅಂತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಿಮಗೆ ಸೆಖೆ ಆದೀತೆಂದು ಹಾಕಿಸಿದ್ದೆ, ನನಗೂ ಚಳಿನೇ ಎಂದು ಅಧ್ಯಕ್ಷರೂ ಒಪ್ಪಿಕೊಂಡರು. ಮನಸ್ಸು ಹಗುರಾಗಿ ಎಲ್ಲರೂ ಕೈಕಾಲು ಚಾಚಿ ಕುಂತೆವು. ಮತ್ತೆ ಕರೆಂಟು ಬಂತು. ಏಸಿ ಗುಂಯ್ ಅಂತು. ಎಲ್ಲರೂ ಶಲ್ಯ ಕಿವಿಗೆ ಎಳೆದುಕೊಂಡೆವು.

"ನೀವರ ಎದ್ದು ಆರಿಸಬೇಕಿಲ್ಲೇನ್ರಿ ಮಾವಾರ?" ಎಂದಳು ಸೊಸೆ.

"ಅಷ್ಟು ಮಂದ್ಯಾಗ ನಾ ಒಬ್ಬನೇ ಹೆಂಗ ಏಳ್ಲಿ ತಾಯಿ?"

"ಅದೇ ಎರಡನೇ ಕಾರಣರಿ. ಬ್ಯಾರೆ ಆಗಾಕ ಅಂಜಿಕಿ. ಆದ್ರ ಒಬ್ಬ, ಒಬ್ಬನೇ ಒಬ್ಬ ಬ್ಯಾರೆ ಮಾತಾಡಿದ ಅಂದ್ರ ಉಳಿದವರ ಬಾಯಿ ಬಿಚ್ಚತಾವು."

ಬೀಗರ ಹತ್ತಿ

ಆಕೆಯ ತಂದೆ, ಅಂದರೆ ನಮ್ಮ ಬೀಗರು, ನಾಗಲದಿನ್ನೆಯವರು. ಊರ ಮಂದಿಯೆಲ್ಲ ಬೇರೆ ಅಂಗಡಿ ತೋರಿಸಿದರೂ ಕೇಳದೆ, ಮಗಳನ್ನು ಕೊಟ್ಟ ಮನೆಯೆಂದು ಈ ಸಲ ಹತ್ತಿಯನ್ನು ನನ್ನ ಅಂಗಡಿಗೇ ತಂದರು. ಹತ್ತಿ ಬೆಳ್ಳಗೆ, ಒಣಗಿ, ಎಳೆ ಉದ್ದ. ಆದರೆ ದಲ್ಲಾಳಿ ತನ್ನ ಬೀಗರ ಮಾಲನ್ನು ಹೊಗಳಿದರೆ ನಂಬುವವರು ಯಾರು? ಸುಮ್ಮನೆ ಕುಂತೆ.

ನಮ್ಮಲ್ಲಿ ಖರೀದಿದಾರರು ಗುಂಪಾಗಿ ರಾಶಿಯಿಂದ ರಾಶಿಗೆ ನಡೆಯುತ್ತಾರೆ. ಎಲ್ಲರಿಗಿಂತ ಹಳಬರಾದ ದೊಡ್ಡ ಸಾವಕಾರರು ಮುಂದೆ. ಅವರು ಹಿಡಿ ಹತ್ತಿ ತೆಗೆದು ಎಳೆ ಜಗ್ಗಿ ನೋಡುತ್ತಾರೆ. ಹಿಂದಿನವರು ಹತ್ತಿ ನೋಡುವುದಿಲ್ಲ, ಅವರ ಮುಖ ನೋಡುತ್ತಾರೆ. ಅವತ್ತು ಬೀಗರ ಹತ್ತಿ ಹಿಡಿದದ್ದೇ ಸಾವಕಾರರ ಮುಖ ಹುಣಸೆಕಾಯಿ ಕಡಿದಂತಾಯಿತು. ಹಿಂದಿನವನು ಮುಟ್ಟದೆ ಮುಂದೆ ಹೋದ. ಅವನ ಹಿಂದಿನವನು "ತೇವ ಐತಿ" ಅಂದ. ಅವನಿಗೂ ಹಿಂದಿನವನಿಗೆ ವಾಸನೆಯೂ ಬಂತು. ದರ ಹೇಳುವವರು ಒಬ್ಬರೂ ಇಲ್ಲದೆ ಗುಂಪು ದಾಟಿಹೋಯಿತು.

ಬೀಗರು ಹೆಗಲ ಟವೆಲ್ ಕೊಡವಿ ಎದ್ದರು.

"ಗಾಡಿ ತಿರುಗಿಸ್ತೀನ್ರಿ ಬೀಗರ. ನಿಮ್ಮ ಅಂಗಡ್ಯಾಗಿಂದ ಹೊಳ್ಳಿ ಒಯ್ದೆ ಅಂತ ಊರಾಗ ಹೆಂಗ ಹೇಳ್ಲಿ? ಇನ್ನ ಮ್ಯಾಲೆ ಮಗಳನ್ನ ನೋಡಾಕೂ ನಾ ಬರಂಗಿಲ್ಲ."

ಸೊಸೆಗೆ ನಾನು ಯಾವ ಮುಖ ತೋರಿಸಲಿ? ಆಗ ಆಕೆಯ ಮಾತೇ ನೆನಪಾಯಿತು: ಒಬ್ಬ ಸಾಕು. ಸಾವಕಾರರ ಮುಖ ನೋಡದವನೊಬ್ಬ ಎಲ್ಲಿ ಸಿಕ್ಕಾನು?

ಗೇಟಿನಲ್ಲಿ ಎಮ್ಮಿಗನೂರಿನ ಖರೀದಿದಾರನೊಬ್ಬ ಬೈಕು ತಳ್ಳಿಕೊಂಡು ಬರುತ್ತಿದ್ದ. ದಾರಿಯಲ್ಲಿ ಪಂಕ್ಚರ್ ಆಗಿ ತಡವಾಗಿತ್ತು. ಅವನನ್ನು ಮಾತಿಲ್ಲದೆ ಕರೆತಂದು ರಾಶಿಯ ಮುಂದೆ ನಿಲ್ಲಿಸಿದೆ. ಅವನು ಹಿಡಿ ಹತ್ತಿ ತೆಗೆದ, ಜಗ್ಗಿದ, ಮೂಸಿದ. ಅವನ ದನಿ ಮೊದಲೇ ದೊಡ್ಡದು.

"ಹತ್ತಿ ಶಾನಾ ಬಾಗುಂದಿ ಕದಾ! ಇಷ್ಟು ಚಲೋ ಹತ್ತಿ ಯಾಕ ಹಿಂಗ ಬಿಟ್ಟೀರಿ?"

ಆಚೆ ರಾಶಿಯ ಹತ್ತಿರ ಒಂದು ಕುತ್ತಿಗೆ ತಿರುಗಿತು. ಆಮೇಲೆ ಎಲ್ಲ ಕುತ್ತಿಗೆಗಳೂ. ಗುಂಪು ಹೊರಳಿ ಬಂತು. ತೇವ ಐತಿ ಅಂದವನೇ ಎಲ್ಲರಿಗಿಂತ ಮೊದಲು ಕೈ ಹಾಕಿ, ತಾನು ಮೊದಲೇ ಚಲೋ ಐತಿ ಅಂದಿದ್ದೆನೆಂದು ಸಾಧಿಸಿದ. ವಾಸನೆ ಬಂದವನು ದರ ಏರಿಸಿದ. ಹತ್ತಿ ಒಳ್ಳೆ ದರಕ್ಕೇ ಹೋಯಿತು. ಬೀಗರು ಟವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡು, ಮಗಳ ಮನೆಯಲ್ಲಿ ಊಟಕ್ಕೆ ಏನು ಮಾಡ್ಯಾರ ಎಂದು ಕೇಳಿದರು. ನನಗೆ ಹೋದ ಜೀವ ಬಂತು.

ಸಂಜೆ ದೊಡ್ಡ ಸಾವಕಾರರು ಕೆನ್ನೆಗೆ ಕೈ ಹಚ್ಚಿ ಕುಂತಿದ್ದರು. ನಮ್ಮ ಬೀಗರ ಹತ್ತಿಯಲ್ಲಿ ಏನು ಖೋಟ ಕಂಡಿರೆಂದು ಕೇಳಿಯೇಬಿಟ್ಟೆ.

"ಹತ್ತ್ಯಾಗ ಏನೂ ಇಲ್ಲಪಾ. ಮುಂಜಾನೆ ಉಗ್ಗಾಣಿ ಜೋಡಿ ಮಿರ್ಚಿ ತಿಂದಿದ್ದೆ. ಹುಳುಕು ಹಲ್ಲಿನಾಗ ಬೀಜ ಸಿಕ್ಕೊಂಡು, ಸರಿಯಾಗಿ ಆಗಲೇ ಚಳಕ್ ಅಂತು."

"ಮತ್ತ ನೀವರ ದರ ಹೇಳಬೇಕಿಲ್ಲೇನ್ರಿ ಸಾವ್ಕಾರ್ರ?"

"ಹೇಳಬೇಕಂತ ಬಾಯಿ ತೆಗೆದಿದ್ದೆ," ಎಂದರು. "ಹಿಂದ ತಿರುಗಿ ನೋಡ್ತೀನಿ, ಒಬ್ಬನೂ ಮುಟ್ಟವಲ್ಲ. ಇಷ್ಟು ಮಂದಿ ಬ್ಯಾಡ ಅಂದಾರ, ಏನೋ ಖೋಟ ಇದ್ದೇ ಇರ್ತೈತಿ ಅಂತ ಸುಮ್ಮನಾದೆ."