ಕಂಪನಿ ಬ್ಲೇಡಿನ ಗಾಡಿ

ಇಷ್ಟಕ್ಕೆಲ್ಲ ಕಾರಣ ಮಹಂತೇಶನ ತಲೆ. ನೋಯ್ಡಾದಿಂದ ಕೇಂದ್ರ ಸಚಿವಾಲಯಕ್ಕೆ ಹೋಗುವ ಚಾರ್ಟರ್ಡ್ ಬಸ್ಸಿನಲ್ಲಿ ಮಹಂತೇಶ ಕಿಟಕಿಯ ಪಕ್ಕ, ಅನಂತರಾಮ ಅವನ ಪಕ್ಕ. ಬಸ್ಸು ಯಮುನೆಯ ಸೇತುವೆ ಹತ್ತುವ ಮೊದಲೇ ಆ ತಲೆ ಅನಂತರಾಮನ ಹೆಗಲಿಗೆ ಬಂದು ಒರಗುತ್ತಿತ್ತು. ತೆಂಗಿನೆಣ್ಣೆ ಹಚ್ಚಿದ, ಒಳ್ಳೆಯ ತೂಕದ ತಲೆ. ಮೆಟ್ರೋ ಇನ್ನೂ ನದಿ ದಾಟಿರದ ದಿನಗಳು ಅವು. ಸರ್ಕಾರಿ ನೌಕರ ಅಂದಮೇಲೆ ಚಾರ್ಟರ್ಡ್ ಬಸ್ಸು, ಬಸ್ಸು ಅಂದಮೇಲೆ ಪಕ್ಕದವನ ತಲೆ. ವರ್ಷಗಟ್ಟಲೆ ಹೊತ್ತ ಮೇಲೆ ಒಂದು ದಿನ ಅನಂತರಾಮ ಅಂಗಿಯ ಹೆಗಲಿನ ಎಣ್ಣೆ ಕಲೆ ಉಜ್ಜುತ್ತಾ ಶಪಥ ಮಾಡಿಬಿಟ್ಟ. ಸ್ವಂತ ಗಾಡಿ ತಗೊಳ್ಳುವುದು. ಅದರಲ್ಲಿ ತಾನು, ಹೆಂಡತಿ, ಮಗಳು, ಅಮ್ಮ. ಐದನೆಯ ತಲೆ ಒಳಗೆ ಬರಕೂಡದು.

ಹಾಗಾದರೆ ಸಣ್ಣ ಕಾರು ಸಾಕಲ್ಲ ಎಂದು ನೀವು ಕೇಳಬಹುದು. ಅವನ ಹೆಂಡತಿ ಚಂದ್ರಪ್ರಭಾ ಕೇಳಿದ್ದೂ ಅದನ್ನೇ. ಅವಳ ತಮ್ಮ ಯಶವಂತ ಒಂದು ಕೆಂಪು ಕಾರು ನೋಡಿಯೂ ಇಟ್ಟಿದ್ದ. ಆದರೆ ಅನಂತರಾಮನ ಮನಸ್ಸಿನಲ್ಲಿ ಚಳ್ಳಕೆರೆಯ ಒಂದು ಜೀಪು ನಿಂತಿತ್ತು. ಅವನ ಅಪ್ಪ ಹರಾಜಿನಲ್ಲಿ ಹಿಡಿದ, ಬಣ್ಣ ಹೋದ ಹಳೇ ಜೀಪು. ಅದು ಮನೆಯಿಂದ ಹೊರಟರೆ ಬೀದಿಗೆ ಬೀದಿಯೇ ಹತ್ತುತ್ತಿತ್ತು. "ಬನ್ನಿ, ಬನ್ನಿ, ಇನ್ನೂ ಜಾಗ ಇದೆ" ಎಂದು ಅಪ್ಪ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆದು ಹತ್ತಿಸಿಕೊಳ್ಳುತ್ತಿದ್ದರು. ಹಿಂದಿನ ಎದುರುಬದುರು ಬೆಂಚಿನಲ್ಲಿ ಯಾರದೋ ಮಡಿಲು, ಯಾರದೋ ಶೇಂಗಾ ಚೀಲ, ಅದರ ನಡುವೆ ಹುಡುಗ ಅನಂತರಾಮ ತೊಟ್ಟಿಲಲ್ಲಿ ತೂಗಿದ ಹಾಗೆ ತೂಗುತ್ತಾ ನಿದ್ದೆ ಹೋಗುತ್ತಿದ್ದ. ಆ ತೂಗಾಟ ಅವನಿಗೆ ಆಮೇಲೆ ಯಾವ ಬಸ್ಸಿನಲ್ಲೂ, ಯಾವ ಹಾಸಿಗೆಯಲ್ಲೂ ಸಿಕ್ಕಿರಲಿಲ್ಲ.

"ಅದರ ಗುಟ್ಟು ಬ್ಲೇಡಲ್ಲಿದೆ ಕಣೇ," ಎಂದು ಅವನು ಹೆಂಡತಿಗೆ ವಿವರಿಸಿದ. ಹಿಂದಿನ ಚಕ್ರದ ಮೇಲೆ ಬಿಲ್ಲಿನಂತೆ ಬಾಗಿಸಿ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಊರಿನ ಲಾರಿಯವರು ಅದಕ್ಕೆ ಬ್ಲೇಡು ಅನ್ನುತ್ತಾರೆ, ದೆಹಲಿಯವರು ಕಮಾನಿ ಅನ್ನುತ್ತಾರೆ. "ಕಂಪನಿಯಿಂದ ಬಂದ ಬ್ಲೇಡೇ ಆಗಿರಬೇಕು. ಆಮೇಲೆ ಹಾಕ್ಸಿದ್ದು ಆಗಲ್ಲ."

"ನನ್ನ ಸೊಂಟವೂ ಕಂಪನಿಯಿಂದ ಬಂದಿದ್ದೇ ರೀ, ಬೇರೆ ಹಾಕ್ಸೋಕಾಗಲ್ಲ," ಎಂದಳು ಚಂದ್ರಪ್ರಭಾ. ಹೋದ ವರ್ಷ ಡಿಸ್ಕ್ ಜಾರಿ ತಿಂಗಳುಗಟ್ಟಲೆ ಮಲಗಿದ್ದವಳು. "ಭಾನುವಾರ ನಿಮ್ಮ ಸ್ನೇಹಿತ ಜಗನ್ನಾಥ ಅವರ ಗೃಹಪ್ರವೇಶ ಇದೆಯಲ್ಲ, ಅಂಥ ಗಾಡಿಯ ಹಿಂದಿನ ಸೀಟಲ್ಲೇ ಕೂತು ಹೋಗಿ ಬರ್ತೀನಿ. ಸೊಂಟ ಉಳಿದ್ರೆ ನಿಮ್ಮ ಜೀಪು. ಹೋದ್ರೆ ಸೋಮವಾರ ಯಶವಂತ ಹೇಳಿದ ಕೆಂಪು ಕಾರು. ಆಮೇಲೆ ಚಳ್ಳಕೆರೆ ಕಥೆ ಹೇಳಬಾರದು."

ಸೂರಜ್‌ಪುರದ ತ್ಯಾಗಿ ಎಂಬ ಹಳೇ ಗಾಡಿ ವ್ಯಾಪಾರಿಯ ಹತ್ತಿರ ಅಂಥ ಎರಡು ದೊಡ್ಡ ಗಾಡಿಗಳಿದ್ದವು, ಒಂದು ಬಿಳಿ, ಒಂದು ಬೆಳ್ಳಿ ಬಣ್ಣ. ಬಿಳಿಯದಕ್ಕೆ ದಪ್ಪ ಬ್ಲೇಡು, ಕೆಲವೇ. ಬೆಳ್ಳಿಯದಕ್ಕೆ ತೆಳು ಬ್ಲೇಡು, ಸಾಲು ಸಾಲು. "ದೋನೋ ಕಂಪನಿ ಕೀ ಕಮಾನಿ, ಸಾಬ್," ಎಂದು ತ್ಯಾಗಿ ಎರಡಕ್ಕೂ ಒಂದೇ ಆಣೆ ಹಾಕಿ, ಭಾನುವಾರ ಎರಡನ್ನೂ ಓಡಿಸಿ ನೋಡಲು ಕೊಡುವುದಕ್ಕೆ ಒಪ್ಪಿದ. ಅನಂತರಾಮ ಕಚೇರಿಯ ಟೆಂಡರ್ ವಿಭಾಗದಲ್ಲಿ ಕೂದಲು ನರೆಸಿಕೊಂಡವನು. ಹೋಲಿಸಿ ನೋಡದೆ ಒಂದು ಪೆನ್ಸಿಲ್ ಕೂಡ ಕೊಂಡವನಲ್ಲ. ಹೋಗುವಾಗ ಬಿಳಿ ಗಾಡಿ, ಬರುವಾಗ ಬೆಳ್ಳಿ ಗಾಡಿ, ರಸ್ತೆ ಅದೇ, ಸೊಂಟ ಅದೇ. ಇದಕ್ಕಿಂತ ನ್ಯಾಯವಾದ ಪರೀಕ್ಷೆ ಉಂಟೇ?

ಭಾನುವಾರ ಬೆಳಿಗ್ಗೆ ದಟ್ಟ ಮಂಜು. ಅಮ್ಮ ಹಾಲಿನಲ್ಲಿ ಶಾಲು ಹೊದ್ದು ಬಟಾಣಿ ಬಿಡಿಸುತ್ತಾ ಕೂತಿದ್ದರು. ದೆಹಲಿಗೆ ಬಂದ ಮೇಲೆ ಅವರು ಅವರೆಕಾಯಿಯ ಆಸೆಯನ್ನು ಬಟಾಣಿಯಲ್ಲೇ ತೀರಿಸಿಕೊಳ್ಳುತ್ತಿದ್ದರು.

"ಬರೀ ನೀವು ಮೂರು ಜನ ಯಾಕೋ ಹೋಗ್ತೀರ? ಗಿರಿಜಮ್ಮನ್ನ ಕರ್ಕೊಂಡು ಹೋಗು. ಮಹಂತೇಶನ ಮನೆಯೋರನ್ನೂ ಕೂರಿಸ್ಕೋ."

"ಇದು ಪರೀಕ್ಷೆ ಅಮ್ಮ, ಜಾತ್ರೆ ಅಲ್ಲ."

"ಅದಕ್ಕೇ ಹೇಳಿದ್ದು," ಎಂದರು ಅಮ್ಮ. ಅನಂತರಾಮ ಆಗಲೇ ಮೆಟ್ಟಿಲಿಳಿಯುತ್ತಿದ್ದ.

ಕದ್ದು ಹೋಗುವವರಂತೆ ಮೂವರೂ ಬಿಳಿ ಗಾಡಿ ಹತ್ತಿದರು. ಪರೀಕ್ಷೆ ಹಿಂದಿನ ಬ್ಲೇಡಿನದಾದ್ದರಿಂದ ಚಂದ್ರಪ್ರಭಾ ಕಟ್ಟಕಡೆಯ ಬೆಂಚಿನಲ್ಲಿ, ಸರಿಯಾಗಿ ಚಕ್ರದ ಮೇಲೆ, ರೇಷ್ಮೆ ಸೀರೆಯುಟ್ಟು, ಮಡಿಲಲ್ಲಿ ಶಾವಿಗೆ ಪಾಯಸದ ಪಾತ್ರೆ ಹಿಡಿದು ಕೂತಳು. ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ಗಿರಿಜಮ್ಮನ ದನಿ ಬಿತ್ತು. ಆಕೆ ಇಡೀ ಸೊಸೈಟಿಗೆ ಅತ್ತೆಯಿದ್ದ ಹಾಗೆ.

"ಅನಂತರಾಮೂ! ಜಾಗ ಇದ್ಯೇನಪ್ಪಾ?"

ಅವನ ಬಾಯಿಗೆ ಆ ಕ್ಷಣಕ್ಕೆ ಏನು ಹೊಳೆಯಿತೋ ಅದು ಬಂತು. "ಬ್ರೇಕು ಸರಿಯಿಲ್ಲ ಅಮ್ಮಾ! ಡೇಂಜರು!"

"ಅಯ್ಯೋ ಶಿವನೇ, ಬ್ರೇಕಿಲ್ಲದ ಗಾಡೀಲಿ ಹೆಂಡ್ತೀನ ಹಿಂದೆ ಕೂರಿಸ್ಕೊಂಡು ಹೋಗ್ತಿದ್ದೀಯಾ?"

ಅವನು ಗಾಡಿಯನ್ನು ಗೇಟು ದಾಟಿಸಿಬಿಟ್ಟ.

ಗೇಟಿನಾಚೆಯ ಮೊದಲ ಸ್ಪೀಡ್ ಬ್ರೇಕರಿನಲ್ಲೇ ಗಾಡಿಯ ಹಿಂಭಾಗ ಕಾಲೆತ್ತಿ ಒದ್ದಿತು. ಚಂದ್ರಪ್ರಭಾ ಮೇಲೆ ಹೋದಳು. ಪಾಯಸದ ಪಾತ್ರೆ ಇನ್ನೂ ಮೇಲೆ ಹೋಯಿತು. ಇಬ್ಬರೂ ಕೆಳಗೆ ಬಂದರು, ಆದರೆ ಪಾಯಸ ಪೂರ್ತಿ ಪಾತ್ರೆಗೆ ಬರಲಿಲ್ಲ. ದಾದ್ರಿ ರಸ್ತೆಯಲ್ಲಂತೂ ಹೊಂಡ ಬಿಟ್ಟ ಕಡೆ ಸ್ಪೀಡ್ ಬ್ರೇಕರು, ಸ್ಪೀಡ್ ಬ್ರೇಕರು ಬಿಟ್ಟ ಕಡೆ ಎಮ್ಮೆ. ಎರಡೂ ಬದಿ ಸಾಸಿವೆ ಹೊಲ ಹಳದಿಯಾಗಿ ಹರಡಿತ್ತು, ನೋಡಲು ಯಾರಿಗೂ ಬಿಡುವಿರಲಿಲ್ಲ.

"ಪಪ್ಪಾ, ಮಮ್ಮಿ ಉಛಲ್ ರಹೀ ಹೈ," ಎಂದಳು ಮುಂದೆ ಕೂತಿದ್ದ ಮಗಳು ಹಂಸಿನಿ, ಅಮ್ಮ ಪುಟಿಯುವುದನ್ನು ಹಿಂದೆ ತಿರುಗಿ ನೋಡುತ್ತಾ.

"ದಪ್ಪ ಬ್ಲೇಡಿನ ಹಣೆಬರಹ ಅದು," ಎಂದ ಅನಂತರಾಮ, ಹಿಂದಕ್ಕೆ ಕೇಳುವಂತೆ. "ವಾಪಸ್ ಬರುವಾಗ ನೋಡು, ತೆಳು ಬ್ಲೇಡು!"

ಹಿಂದಿನಿಂದ ಪಾತ್ರೆಯ ಮುಚ್ಚಳ ಒತ್ತಿ ಮುಚ್ಚಿದ ಸದ್ದು ಬಂತು. ಇಪ್ಪತ್ತು ವರ್ಷ ಸಂಸಾರ ಮಾಡಿದ ಅನಂತರಾಮನಿಗೆ ಆ ಸದ್ದಿನ ಅರ್ಥ ಗೊತ್ತಿತ್ತು. ಕನ್ನಡಿಯಲ್ಲಿ ಅವನಿಗೆ ಹೆಂಡತಿಯ ಮುಖದ ಬದಲು ಕೆಂಪು ಕಾರೇ ಕಾಣಿಸಿತು.

ಗ್ರೇಟರ್ ನೋಯ್ಡಾದಲ್ಲಿ ಆಗ ಕಟ್ಟಡಗಳಿಗಿಂತ ಬಯಲೇ ಹೆಚ್ಚು. ಆ ಬಯಲಿನ ನಡುವೆ ಜಗನ್ನಾಥನ ಹೊಸ ಫ್ಲ್ಯಾಟಿಗೆ ಮಾವಿನ ತೋರಣ, ಬಾಳೆಕಂದು, ಒಳಗೆ ಹೋಮದ ಹೊಗೆ, ಹೊರಗೆ ಎಲೆ ಊಟ. ಎಲ್ಲಿಂದಲೋ ತರಿಸಿದ ಬಾಳೆಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಎದ್ದ ವಾಸನೆಗೆ, ದೆಹಲಿಯಲ್ಲೇ ನಿವೃತ್ತಿಯ ಹತ್ತಿರ ಬಂದ ಗಂಡಸರೆಲ್ಲ ಒಂದು ಗಳಿಗೆ ಊರಿಗೆ ಹೋಗಿ ಬಂದರು. ಅನಂತರಾಮನೂ ಚಳ್ಳಕೆರೆಯವರೆಗೆ ಹೋದ. ಆದರೆ ಅವನನ್ನು ನೆಮ್ಮದಿಯಾಗಿ ದುಃಖಪಡಲೂ ಯಾರೂ ಬಿಡಲಿಲ್ಲ. ಸೊಸೈಟಿಯವರ ಜೊತೆ ಟೆಂಪೊದಲ್ಲಿ ಬಂದಿದ್ದ ಗಿರಿಜಮ್ಮ ಹೆಂಗಸರ ಸಾಲಿನಲ್ಲಿ ಆಗಲೇ ಬ್ರೇಕಿನ ವಿಷಯ ಬಡಿಸಿದ್ದರು. ಒಬ್ಬೊಬ್ಬರೂ ಬಂದು ಚಂದ್ರಪ್ರಭಾಳ ಕೈ ಹಿಡಿದು, "ಮಗು ಮುಖ ನೋಡಿಯಾದರೂ ಧೈರ್ಯವಾಗಿರಮ್ಮ" ಎನ್ನುತ್ತಿದ್ದರು.

ಊಟವಾಗುವ ಹೊತ್ತಿಗೆ ತ್ಯಾಗಿಯ ಡ್ರೈವರು ಬೆಳ್ಳಿ ಗಾಡಿ ತಂದು ನಿಲ್ಲಿಸಿ, ಬಿಳಿಯದನ್ನು ಒಯ್ದ. ಅನಂತರಾಮ ಪಂಚೆಯಲ್ಲೇ ಗಾಡಿಯ ಕೆಳಗೆ ನುಸುಳಿದ. ಬ್ಲೇಡು ತೆಳು, ಸಾಲು ಸಾಲು, ತುಕ್ಕಿಲ್ಲ, ಕಂಪನಿಯ ಮುದ್ರೆಯೂ ಇದೆ. ಕೈಯಲ್ಲಿ ಸವರಿದ. ಚಳ್ಳಕೆರೆಯ ಜೀಪಿನ ಗ್ರೀಸಿನ ವಾಸನೆಯೇ ಮೂಗಿಗೆ ಬಂದಂತಾಗಿ ಅವನಿಗೆ ಅಪ್ಪನ ಖಾಕಿ ಚಡ್ಡಿ ನೆನಪಾಯಿತು. ಹೊರಗೆ ತೆವಳಿ ಬಂದು ನೋಡಿದರೆ ಸುತ್ತ ಹತ್ತಾರು ಜೋಡಿ ಚಪ್ಪಲಿ.

"ಏನ್ರೀ ಅನಂತರಾಮ್, ಇದಕ್ಕರ ಬ್ರೇಕ್ ಅದನೋ ಇಲ್ಲೋ?" ಕೇಳಿದ ಮಹಂತೇಶ.

"ಇದೆ, ಇದೆ. ಫಸ್ಟ್ ಕ್ಲಾಸಾಗಿದೆ," ಎಂದ ಅನಂತರಾಮ ಹೆಮ್ಮೆಯಿಂದ.

"ಹಂಗಾದ್ರ ಹತ್ರಿ ಎಲ್ಲಾರೂ!"

ಅವರನ್ನೆಲ್ಲ ಕರೆತಂದಿದ್ದ ಟೆಂಪೊದವನು ಮದುವೆ ಬಾಡಿಗೆ ಸಿಕ್ಕಿತೆಂದು ಹೇಳದೆ ಕೇಳದೆ ಹೋಗಿಬಿಟ್ಟಿದ್ದನಂತೆ. "ಅಲ್ಲಾ, ಇದು ಪರೀಕ್ಷೆ..." ಎಂದು ಅನಂತರಾಮ ಬಾಯಿ ತೆರೆಯುವಷ್ಟರಲ್ಲಿ ಮಹಂತೇಶ ಮುಂದಿನ ಕಿಟಕಿ ಹಿಡಿದಾಗಿತ್ತು. ಅವನ ಹೆಂಡತಿ, ಇಬ್ಬರು ಮಕ್ಕಳು, ಹಂಸಿನಿ ನಡುವಿನ ಸೀಟಿಗೆ. ಪುರೋಹಿತ ಜೋಯಿಸರು ಹೋಮಕುಂಡದ ಇಟ್ಟಿಗೆಗಳ ಚೀಲದೊಂದಿಗೆ ಹಿಂದಕ್ಕೆ. ಇಟ್ಟಿಗೆ ಭಾರವೋ ಜೋಯಿಸರು ಭಾರವೋ ಹೇಳುವುದು ಕಷ್ಟವಿತ್ತು. ಕೊನೆಗೆ ಗಿರಿಜಮ್ಮ, ಅವರ ಹಿಂದೆ ಇಬ್ಬರು ಸೆಕ್ಯುರಿಟಿಯವರು ಏದುಸಿರು ಬಿಡುತ್ತಾ ಹೊತ್ತು ತಂದ ಒಂದು ಒರಳುಕಲ್ಲು.

"ಜಗನ್ನಾಥನ ಹೆಂಡ್ತಿ ಹೊಸ ಅಡುಗೆಮನೇಲಿ ಜಾಗ ಇಲ್ಲ ಅಂತ ಹೊರಗೆ ಹಾಕಿದ್ಲು. ತುಮಕೂರಿನ ಕಲ್ಲು ಕಣಪ್ಪಾ, ಬಿಟ್ಟು ಬರೋಕೆ ಮನಸ್ಸಾಗುತ್ತಾ?" ಎಂದರು ಗಿರಿಜಮ್ಮ. "ಭಯ್ಯಾ, ಆರಾಮ್ ಸೇ ರಖೋ!"

ಗಾಡಿ ಎಮ್ಮೆ ಕೂತ ಹಾಗೆ ಹಿಂದಕ್ಕೆ ಕೂತಿತು. ಬಿಲ್ಲಿನಂತಿದ್ದ ಬ್ಲೇಡು ಅಳತೆಪಟ್ಟಿಯಷ್ಟು ನೆಟ್ಟಗಾಯಿತು. ಜೋಯಿಸರಿಗೂ ಗಿರಿಜಮ್ಮನಿಗೂ ನಡುವೆ ಸಿಕ್ಕಿಕೊಂಡ ಚಂದ್ರಪ್ರಭಾಳ ಕಣ್ಣು ಮಾತ್ರ ಕಾಣುತ್ತಿತ್ತು. ಮುಗಿಯಿತು ಎಂದುಕೊಂಡ ಅನಂತರಾಮ. ಬದುಕಿನಲ್ಲಿ ಆಸೆಪಟ್ಟ ಒಂದೇ ಒಂದು ಗಾಡಿ, ಅದರ ಪರೀಕ್ಷೆಯ ದಿನವೇ ಊರೆಲ್ಲ ಅದರ ಬೆನ್ನು ಮುರಿಯಲು ಹತ್ತಿ ಕೂತಿದೆ.

ಮೊದಲ ಹೊಂಡ ಬಂತು. ಅನಂತರಾಮ ಕಣ್ಣು ಕಿರಿದು ಮಾಡಿ ಸ್ಟಿಯರಿಂಗು ಬಿಗಿಹಿಡಿದ. ಗಾಡಿ ನಿಧಾನ ತಗ್ಗಿತು, ನಿಧಾನ ಎದ್ದಿತು, ಅಷ್ಟೇ. ಎರಡನೆಯ ಹೊಂಡಕ್ಕೂ ಹಾಗೆಯೇ. ಸೂರಜ್‌ಪುರ ಬರುವ ಹೊತ್ತಿಗೆ ಸಂಜೆಯ ಬಿಸಿಲು ಸಾಸಿವೆ ಹೊಲದ ಮೇಲೆ ಬಿದ್ದಿತ್ತು. ಹಿಂದೆ ಯಾರೋ ಊರಿನ ಮಾತು ತೆಗೆದರು. ಗಿರಿಜಮ್ಮ ಹಸೆ ಹಾಡೊಂದನ್ನು ಮೆಲ್ಲಗೆ ಎತ್ತಿಕೊಂಡರು, ಮಹಂತೇಶನ ಹೆಂಡತಿ ದನಿಗೂಡಿಸಿದಳು. ಮಲ್ಲಿಗೆ, ಬಾಳೆಲೆ, ಹೋಮದ ಹೊಗೆ ಎಲ್ಲ ಬೆರೆತ ವಾಸನೆ. ಗಾಡಿ ತೂಗುತ್ತಿತ್ತು. ಹೌದು, ಅದೇ ತೂಗಾಟ. ಅನಂತರಾಮನ ಕಣ್ಣು ಮಂಜಾಯಿತು. ಕನ್ನಡಿಯಲ್ಲಿ ನೋಡಿದ. ಚಂದ್ರಪ್ರಭಾ ಗಿರಿಜಮ್ಮನ ಹೆಗಲಿಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಜಗನ್ನಾಥನ ಮನೆಯವರು ಕಟ್ಟಿಕೊಟ್ಟು ಮಡಿಲಲ್ಲಿದ್ದ ಸಾರಿನ ಡಬ್ಬಿಯಿಂದ ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಸೊಸೈಟಿಯ ಗೇಟಿನಲ್ಲಿ ಎಲ್ಲರೂ ಇಳಿದರು, ಕಲ್ಲೂ ಇಳಿಯಿತು. ಚಂದ್ರಪ್ರಭಾ ಮೈಮುರಿದು, "ಸೊಂಟ ಇದೆ ಅನ್ನೋದೇ ಮರೆತುಹೋಗಿತ್ತು ರೀ. ಇದೇ ಇರಲಿ ಬಿಡಿ," ಎಂದಳು. ಅನಂತರಾಮ ಅಲ್ಲೇ ಮೊಬೈಲು ತೆಗೆದು, ಎಲ್ಲರ ಎದುರು, ತ್ಯಾಗಿಗೆ ಮಾತು ಕೊಟ್ಟುಬಿಟ್ಟ. ಯಶವಂತನಿಗೂ ಫೋನು ಮಾಡಿ ಕೆಂಪು ಕಾರು ಬೇಡವೆಂದ. ಮಹಂತೇಶನ ಕಡೆ ತಿರುಗಿ, "ನಾಳೆಯಿಂದ ನಾನು ಬಸ್ಸಿಗೆ ಬರಲ್ಲಪ್ಪ," ಎಂದೂ ಹೇಳಿದ. ಆ ಮಾತನ್ನು ಹೇಳುವಾಗ ಅವನ ಹೆಗಲು ಎರಡಿಂಚು ಮೇಲೆದ್ದಿತು.

"ಚಲೋ, ನಾವಿಬ್ರೇ ಒಂದು ರೌಂಡು ಹೋಗಿ ಚಾಟ್ ತಿಂದ್ಕೊಂಡು ಬರೋಣ," ಎಂದಳು ಚಂದ್ರಪ್ರಭಾ, ಹೊಸ ಮದುವಣಗಿತ್ತಿಯಂತೆ. ಆಗ ನಿದ್ದೆ ಹೋಗಿದ್ದ ಅದೇ ಹಿಂದಿನ ಬೆಂಚಿಗೇ ಹೋಗಿ ಕೂತಳು, ಅಷ್ಟು ನಂಬಿಕೆ.

ಗೇಟಿನಾಚೆಯ ಮೊದಲ ಸ್ಪೀಡ್ ಬ್ರೇಕರು. ಗಾಡಿಯ ಹಿಂಭಾಗ ಕಾಲೆತ್ತಿ ಒದ್ದಿತು. ಒಳಗಿನಿಂದ ಚಾವಣಿಗೆ ತಲೆ ತಾಗಿದ ಸದ್ದು, ಅದರ ಹಿಂದೆಯೇ, "ರೀ!"

ಚಾಟ್ ಅಂಗಡಿಯವರೆಗೆ ಹೋಗುವ ಪ್ರಶ್ನೆಯೇ ಬರಲಿಲ್ಲ. ಚಂದ್ರಪ್ರಭಾ ಸೊಂಟ ಹಿಡಿದು ಮೆಟ್ಟಿಲು ಹತ್ತಿದಳು. ಹಿಂದಿನಿಂದ ಅನಂತರಾಮ, ಪರೀಕ್ಷೆಯಲ್ಲಿ ಪಾಸಾಗಿ ಫೇಲಾದವನಂತೆ.

"ಅರ್ಥವೇ ಆಗ್ತಿಲ್ಲ ಅಮ್ಮ," ಎಂದ. "ಅದೇ ಗಾಡಿ, ಅದೇ ಬ್ಲೇಡು. ಮಧ್ಯಾಹ್ನ ತೊಟ್ಟಿಲು, ಈಗ ಕತ್ತೆ."

ಅಮ್ಮ ಬಟಾಣಿ ಸಿಪ್ಪೆಯನ್ನು ಮೊರಕ್ಕೆ ಬಳಿಯುತ್ತಾ ನಕ್ಕರು. "ಖಾಲಿ ಹೋದ್ರೆ ಒದೆಯುತ್ತೆ ಕಣೋ. ಬೆಳಿಗ್ಗೆನೇ ಜನ ಹತ್ತಿಸ್ಕೋ ಅಂದ್ನಲ್ಲ! ಆ ಬ್ಲೇಡಿಗೆ ಮೈತುಂಬ ಭಾರ ಬೇಕು. ನಿಮ್ಮಪ್ಪ ಬೀದಿಯೋರನ್ನೆಲ್ಲ ಯಾಕೆ ಕರೀತಿದ್ರು ಅಂದ್ಕೊಂಡಿದ್ದೆ?"

"ದೊಡ್ಡ ಮನಸ್ಸು ಅಂತ."

"ಊರೋರೂ ಹಾಗೇ ಅಂದ್ಕೊಂಡ್ರು, ಪಾಪ. ನೀನು ಆಗ ನನ್ನ ಹೊಟ್ಟೇಲಿದ್ದೆ. ಜೀಪು ಖಾಲಿ ಹೋದ್ರೆ ನನಗೆ ಜೀವ ಬಾಯಿಗೆ ಬರ್ತಿತ್ತು. ಅದಕ್ಕೇ ಅವರು ಹಿಂದಿನ ಬೆಂಚು ತುಂಬೋವರೆಗೂ ಗಾಡಿ ಸ್ಟಾರ್ಟ್ ಮಾಡ್ತಿರಲಿಲ್ಲ. ಯಾರೂ ಸಿಗದಿದ್ರೆ ದಾರಿ ಬದಿಯ ಕಲ್ಲಾದರೂ ಹೇರ್ಕೊಳ್ಳೋರು." ಅಮ್ಮ ಕೈಯಲ್ಲಿದ್ದ ಬಟಾಣಿಯನ್ನು ಬಟ್ಟಲಿಗೆ ಹಾಕಿದರು. "ಆಮೇಲೆ ನೀನು ಹುಟ್ಟಿದೆ. ಅಷ್ಟರಲ್ಲಿ ಅವರಿಗೆ ಜನ ಇಲ್ಲದೆ ಹೋಗೋದೇ ಬೇಸರ ಆಗಿಹೋಗಿತ್ತು."

ಅನಂತರಾಮ ಸಿಪ್ಪೆಯ ಮೊರ ಎತ್ತಿಕೊಂಡ. ಅವನಿಗೆ ಅಪ್ಪನನ್ನು ಈಗ ಒಮ್ಮೆ ನೋಡಬೇಕೆನ್ನಿಸಿತು.

ಚಂದ್ರಪ್ರಭಾ ಮಂಚದ ಮೇಲಿಂದಲೇ ತೀರ್ಪು ಕೊಟ್ಟಳು. "ಮಾತು ಕೊಟ್ಟಾಗಿದೆ, ಗಾಡಿ ಇರಲಿ. ಆದರೆ ಮಧ್ಯಾಹ್ನ ಹೇಗಿತ್ತೋ ಹಾಗೇ ಇರಬೇಕು. ಖಾಲಿ ಗಾಡಿಗೆ ನಾನು ಇನ್ನು ಕಾಲಿಡಲ್ಲ. ನಾಳೆ ಬೆಳಿಗ್ಗೆ ನನ್ನನ್ನ ಆ ಬೆನ್ನಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಆಫೀಸಿಗೆ ಹೋಗಿ."

ಅನಂತರಾಮ ಮೊದಲು ಒಂದು ಮಹಡಿ ಹತ್ತಿ ಗಿರಿಜಮ್ಮನ ಬಾಗಿಲು ತಟ್ಟಿದ. "ಅಮ್ಮಾ, ಆ ಒರಳುಕಲ್ಲು ಸ್ವಲ್ಪ ದಿನ ನನ್ನ ಗಾಡೀಲಿ ಇರಲಿ ಅಂತ..." ಎಂದು ತಡವರಿಸಿದ.

"ಇರಲಪ್ಪ, ಧಾರಾಳವಾಗಿ ಇರಲಿ," ಎಂದರು ಗಿರಿಜಮ್ಮ. "ಆದರೆ ಕಲ್ಲು ಎಲ್ಲಿರುತ್ತೋ ನಾನೂ ಅಲ್ಲೇ ಇರ್ತೀನಿ. ನಾಳೆ ಎಷ್ಟೊತ್ತಿಗೆ ಹೊರಡೋದು?"

ಮರುದಿನ ಬೆಳಿಗ್ಗೆ ಮಂಜಿನಲ್ಲಿ ಬೆಳ್ಳಿ ಗಾಡಿ ಸೊಸೈಟಿಯ ಗೇಟು ದಾಟಿತು. ಹಿಂದೆ ಗಿರಿಜಮ್ಮ, ಒರಳುಕಲ್ಲು, ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟ ಜೋಯಿಸರು, ನಡುವೆ ಸುಖವಾಗಿ ಕಣ್ಣು ಮುಚ್ಚಿದ ಚಂದ್ರಪ್ರಭಾ. ಬಸ್ಸಿನಿಂದ ಬಿಡಿಸಿ ತಂದಿದ್ದ ಮಹಂತೇಶ ಮುಂದೆ ಕಿಟಕಿಯ ಪಕ್ಕ ಕೂತು, "ನಿಮ್ಮಂಥಾ ದೊಡ್ಡ ಮನಸ್ಸು ಈ ದಿಲ್ಲ್ಯಾಗ ಯಾರಿಗದರೀ," ಎಂದು ಮನಸಾರೆ ಹೊಗಳಿದ. ಯಮುನೆಯ ಸೇತುವೆ ಇನ್ನೂ ದೂರವಿತ್ತು. ಅನಂತರಾಮನ ಎಡ ಹೆಗಲ ಮೇಲೆ, ತೆಂಗಿನೆಣ್ಣೆ ಹಚ್ಚಿದ ತಲೆಯೊಂದು ಮೆಲ್ಲಗೆ ಬಂದು ಒರಗಿತು.